ಹಳೇ ವಿಂಡೋಸು ಮತ್ತು ಒಂದು ಖಾಲಿ ಸಾಲು

ನಮ್ಮ ಅಂಗಡಿಯ ಹಳೇ ಕಂಪ್ಯೂಟರಿಗೆ ಬೆಳಿಗ್ಗೆ ಎಚ್ಚರಾಗಲು ಅರ್ಧ ಕಪ್ ಚಹಾದಷ್ಟು ಹೊತ್ತು ಬೇಕು. ಶಟರ್ ಎತ್ತಿ, ಕಸ ಗುಡಿಸಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಅದರ ಗುಂಡಿ ಒತ್ತಿ ಎದುರಿನ ಗೂಡಂಗಡಿಗೆ ಹೋಗುತ್ತೇನೆ. ಚಹಾ ಕುಡಿದು, ಗೂಡಂಗಡಿಯವಳ ಸೊಸೆಯ ಸುದ್ದಿ ಅರ್ಧ ಕೇಳಿ ತಿರುಗಿ ಬರುವಷ್ಟರಲ್ಲಿ ಅದು ನಾಲ್ಕು ಬಣ್ಣದ ಕಿಟಕಿ ತೋರಿಸಿ, ಒಂದು ಸಣ್ಣ ರಾಗ ಎಳೆದು, ಹಸಿರು ಗುಡ್ಡದ ಚಿತ್ರವನ್ನು ಬಿಡಿಸಿಟ್ಟಿರುತ್ತದೆ. ಸೊಸೆಯ ಸುದ್ದಿಯ ಉಳಿದರ್ಧ ಮರುದಿನಕ್ಕೆ. ಇದು ಇಪ್ಪತ್ತು ವರ್ಷಗಳಿಂದ ನಡೆದು ಬಂದ ಕ್ರಮ. ಸೊಸೆಯಂದಿರು ಬದಲಾಗಿದ್ದಾರೆ, ಕಂಪ್ಯೂಟರು ಬದಲಾಗಿಲ್ಲ.

ಮುಂಡರಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತೊಟ್ಟಿಲ ಪತ್ರಿಕೆ, ಮನೆ ಶಾಂತಿ ಪತ್ರಿಕೆ, ಅರ್ಜಿ, ಬಾಂಡು, ಎಲ್ಲವನ್ನೂ ಬೆರಳಚ್ಚು ಮಾಡಿಕೊಡುತ್ತೇನೆ. ಅರ್ಜಿಗೆಂದು ಬಂದ ರೈತರು ಬೆಂಚಿನ ಮೇಲೆ ಕುಳಿತು ಆ ಹಸಿರು ಗುಡ್ಡವನ್ನೇ ನೋಡುತ್ತಾರೆ. "ಇದು ನಮ್ಮ ಕಪ್ಪತಗುಡ್ಡ ಹೌದಿಲ್ರಿ ಅಕ್ಕಾರ? ಮಳಿ ಆದಮ್ಯಾಲ ತಗದಾರ" ಎನ್ನುತ್ತಾರೆ. ಅಲ್ಲರೀ, ಇದು ಯಾವುದೋ ದೇಶದ ಗುಡ್ಡ, ವಿಂಡೋಸ್ ಎಕ್ಸ್‌ಪಿ ಅಂತ ಇದರ ಜೊತೆಗೇ ಬರುತ್ತದೆ ಎಂದು ಮೊದಮೊದಲು ತಿಳಿಸಿ ಹೇಳುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಈಗ "ಹೌದ್ರಿ, ಡೋಣಿ ಊರಿನ ಕಡೆಯಿಂದ ತಗದದ್ದು" ಎಂದುಬಿಡುತ್ತೇನೆ. ಅರ್ಜಿ ಬರೆಸಲು ಬಂದವರಿಗೆ ಅಷ್ಟಾದರೂ ಸಂತೋಷ ಇರಲಿ.

ಈ ಯಂತ್ರವನ್ನು ಬಂದ್ ಮಾಡಿಸಲೇಬೇಕು ಎಂದು ಹಟ ಹಿಡಿದವಳು ನನ್ನ ಮಗಳು ಅಮೃತಾ. ಅವಳು ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರು. ಆಪರೇಟಿಂಗ್ ಸಿಸ್ಟಮ್ ಎಂದರೇನು, ಅದರ ಉಪಯೋಗಗಳೇನು ಎಂಬ ಪಾಠವನ್ನು ವರ್ಷವರ್ಷವೂ ಮಾಡುವವಳು. ಮಕ್ಕಳಿಗೆ ಪಾಠ ಮಾಡಿದ ಬಾಯಿ ಮನೆಗೆ ಬಂದರೂ ಸುಮ್ಮನಿರುವುದಿಲ್ಲ.

"ಅವ್ವಾ, ಇದು ಇನ್ನೂ ಎಕ್ಸ್‌ಪಿ ಮ್ಯಾಲ ನಡದೈತಲ್ಲ! ಮಾಡಿದವ್ರ ಇದರ ಕೈ ಬಿಟ್ಟು ಎಷ್ಟೋ ವರ್ಷ ಆತು."

"ಅವರು ಬಿಟ್ರ ನಾನೂ ಬಿಡಬೇಕೇನ? ಕೆಲಸ ಮಾಡ್ತೈತಿಲ್ಲೋ?"

"ಕಳ್ಳರು ಬಂದ್ರ ತಡಿಯೋ ಶಕ್ತಿ ಇಲ್ಲ ಇದಕ್ಕ. ವೈರಸ್ ಬಂತಂದ್ರ ಮುಗೀತು."

"ಇಂಟರ್ನೆಟ್ಟ ಕೊಟ್ಟಿಲ್ಲ ಇದಕ್ಕ. ಕಳ್ಳ ಎಲ್ಲಿಂದ ಬರ್ತಾನ?"

ಅವಳು ಮೇಜಿನ ಮೇಲಿದ್ದ ಪೆನ್‌ಡ್ರೈವ್ ತೋರಿಸಿದಳು. ಆಚೆ ಊರಿನವರೂ ಈಚೆ ಊರಿನವರೂ ತಂದು ಚುಚ್ಚುವ ಪೆನ್‌ಡ್ರೈವು. ನಾನು ಮಾತು ಬದಲಿಸಿದೆ. ಹಳೆಯ ಕನ್ನಡ ಅಕ್ಷರಗಳ ಸಾಫ್ಟ್‌ವೇರು ಇದರಲ್ಲಿ ಮಾತ್ರ ನಡೆಯುತ್ತದೆ, ಹೊಸ ವಿಂಡೋಸಿನಲ್ಲಿ ತೆರೆದರೆ ಕೊಂಬು ಒಂದು ಕಡೆ, ಒತ್ತು ಒಂದು ಕಡೆ ದಿಕ್ಕಾಪಾಲಾಗುತ್ತವೆ ಎಂದೆ. ಮಾತು ಖರೆಯೇ. ಆದರೆ ನನ್ನ ನಿಜವಾದ ಕಾರಣ ಬೇರೆ ಇತ್ತು. ಅದನ್ನು ಮಗಳಿಗಿರಲಿ, ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಅಮೃತಾಳ ಲಗ್ನ ಗೊತ್ತಾಗಿದೆ. ಗಂಡು ಶಿಗ್ಲಿಯವನು, ದನದ ಡಾಕ್ಟರು. ಕೊನೆಗೆ ನಮ್ಮಿಬ್ಬರ ನಡುವೆ ಒಪ್ಪಂದವಾಯಿತು. ಅವಳ ಲಗ್ನಪತ್ರಿಕೆ ಈ ಯಂತ್ರದ ಕೊನೆಯ ಪತ್ರಿಕೆ. ಅದು ಮುಗಿದ ಮೇಲೆ ಇದನ್ನು ಬಂದ್ ಮಾಡುವುದು.

ಒಪ್ಪಿಕೊಂಡೆನೇನೋ ಹೌದು, ಆದರೆ ನನಗೆ ಹೊಸದೆಂದರೆ ಭಯ. ಗದಗಿನಲ್ಲಿ ಕಂಪ್ಯೂಟರ್ ಕಲಿಯಲು ಹೋದ ಮೊದಲ ದಿನ ಮೌಸನ್ನು ಎತ್ತಿ ಪರದೆಯ ಮೇಲೆ ಇಟ್ಟವಳು ನಾನು. ಕಲಿಸುವ ಮೇಡಂ ನಕ್ಕಿರಲಿಲ್ಲ, ಅದಕ್ಕೇ ಇನ್ನಷ್ಟು ನಾಚಿಕೆಯಾಗಿತ್ತು. ಈಗ ನೋಡಿದರೆ ನಮ್ಮ ಒಂದೇ ಮನೆಯಲ್ಲಿ ಐದು ರಾಜ್ಯಗಳ ಆಡಳಿತ ನಡೆದಿದೆ. ಅಂಗಡಿಯಲ್ಲಿ ನನ್ನ ಎಕ್ಸ್‌ಪಿ, ಪಕ್ಕದಲ್ಲಿ ಅಮೃತಾ ತಂದಿಟ್ಟ ಹೊಸ ವಿಂಡೋಸು. ಅವಳ ಶಾಲೆಯ ಲ್ಯಾಬಿನಲ್ಲಿ ಲಿನಕ್ಸು. ಅದು ಯಾರ ಸ್ವಂತದ್ದೂ ಅಲ್ಲವಂತೆ, ಬೇಕಾದವರು ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಂತೆ, ದೊಡ್ಡದೊಡ್ಡ ಯಂತ್ರಗಳೆಲ್ಲ ಹಿಂದಿನಿಂದ ಅದರ ಮೇಲೆಯೇ ನಡೆಯುತ್ತವಂತೆ. ನಮ್ಮೆಲ್ಲರ ಮೊಬೈಲಿನಲ್ಲಿ ಆಂಡ್ರಾಯ್ಡು. ಬರುವ ಅಳಿಯನ ಕೈಯಲ್ಲಿ ಐಫೋನು. ಅದರ ರೀತಿನೀತಿಯೇ ಬೇರೆ, ಚಾರ್ಜರಿನಿಂದ ಹಿಡಿದು ಎಲ್ಲವೂ ತನ್ನದೇ ಆಗಬೇಕು. ಹೊಸ ಬೀಗರ ಮನೆಯ ಮಡಿ ನೆನಪಾಗುತ್ತದೆ ನನಗೆ. ಅಳಿಯ ಮಾತ್ರ ಒಳ್ಳೆಯವನು.

ಇಷ್ಟೆಲ್ಲ ಇದ್ದರೂ ಈ ಆಪರೇಟಿಂಗ್ ಸಿಸ್ಟಮ್ ಎಂಬುದು ಮಾಡುವುದೇನು ಎಂದು ನನಗೆ ನೆಟ್ಟಗೆ ತಿಳಿದದ್ದು ಈಚೆಗೆ. ತಿಳಿಸಿದವಳು ಮಗಳಲ್ಲ. ಗದಗಿನ ಪಕ್ಕದ ಬೆಟಗೇರಿಯ ನನ್ನ ಗಂಗತ್ತೆ.

ಗಂಗತ್ತೆ ನನ್ನ ಅಪ್ಪನ ಅಕ್ಕ. ಕೊರ್ಲಹಳ್ಳಿಗೆ ಕೊಟ್ಟಿದ್ದರು. ಲಗ್ನವಾದ ಮೂರನೇ ವರ್ಷ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಬೆಟಗೇರಿಯ ತವರಿಗೆ ತಿರುಗಿ ಬಂದವಳು ಅಲ್ಲೇ ಉಳಿದಳು. ಈಗ ಎಂಬತ್ತು ದಾಟಿದೆ. ನನ್ನ ತಮ್ಮ ಮಂಜು, ಅವನ ಹೆಂಡತಿ, ಮಕ್ಕಳ ನಡುವೆ ಗಟ್ಟಿಯಾಗಿಯೇ ಇದ್ದಾಳೆ. ನಾಲ್ಕನೆಯ ಇಯತ್ತೆ ಓದಿದವಳು. ಅಕ್ಷರದ ಕೆಳಗೆ ಬೆರಳು ಇಟ್ಟು ಓದುತ್ತಾಳೆ. ಹೋದ ವರ್ಷ ಮಂಜು ಅವಳ ಗುಂಡಿಯ ಫೋನು ತೆಗೆದು ದೊಡ್ಡ ಮೊಬೈಲು ಕೊಡಿಸಿದ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಮೃತಾಳನ್ನು ಕೇಳಿದಳು.

"ಇದರಾಗ ಅಂಡ್ರಾಯ್ಡ ಅಂತ ಯಾವನೋ ಅದಾನ ಅಂತಾರಲ್ಲವಾ. ಅಂವ ಏನ ಮಾಡ್ತಾನ?"

ನನ್ನ ಮಗಳಿಗೆ ಅಷ್ಟು ಸಾಕು. ಪಡಸಾಲೆಯಲ್ಲಿ ಚಕ್ಕಳಬಕ್ಕಳ ಕುಳಿತು ಪಾಠ ಶುರು ಮಾಡಿದಳು.

"ಅಜ್ಜಿ, ಫೋನಿನ್ಯಾಗ ಕಣ್ಣು ಬ್ಯಾರೆ, ಕಿವಿ ಬ್ಯಾರೆ, ನೆನಪು ಬ್ಯಾರೆ. ಒಂದರ ಮಾತು ಒಂದಕ್ಕ ತಿಳಿಯಂಗಿಲ್ಲ. ಆಪರೇಟಿಂಗ್ ಸಿಸ್ಟಮ್ ನಡುವ ನಿಂತು ಎಲ್ಲಾರಿಗೂ ಕೆಲಸ ಹಂಚತೈತಿ. ಯಾರಿಗೆ ಯಾವಾಗ ಎಷ್ಟು ಕೊಡಬೇಕು ನೋಡ್ತೈತಿ. ಯಾವ ಸಾಮಾನು ಎಲ್ಲಿ ಇಟ್ಟೈತಿ ನೆನಪ ಇಟ್ಕೊಂಡಿರತೈತಿ. ಹೊರಗಿನವ್ರು ಸುಮ್ಮಸುಮ್ಮನ ಒಳಗ ಬರದಂಗ ಬಾಗಲಾ ಕಾಯ್ತೈತಿ."

"ಅಂದ್ರ ಎಲ್ಲಾರಕಿಂತ ಮದಲ ಏಳಬೇಕು ಅನ್ನು."

"ಹೌದು. ಗುಂಡಿ ಒತ್ತಿದ ಕೂಡ್ಲೆ ಮದಲ ಏಳೋದು ಅದ. ಕಡೀಕ ಮಲಗೋದೂ ಅದ."

"ಪಾಪ, ಕುಂದ್ರಾಕ ಪುರಸೊತ್ತ ಇಲ್ಲ ನೋಡು ಅದಕ್ಕ" ಎಂದು ಅತ್ತೆ ಮೊಬೈಲನ್ನು ಸೆರಗಿನಿಂದ ಒರೆಸಿದಳು.

ಅಮೃತಾ ಇನ್ನೂ ಮುಂದೆ ಹೋದಳು. ಒಳಗೆ ನೆನಪಿನ ಜಾಗ ಇರುವುದು ಇಷ್ಟೇ. ಪ್ರತಿಯೊಂದು ಕೆಲಸಕ್ಕೂ ಅದರಲ್ಲೊಂದು ಜಾಗ ಹಿಡಿದು ಇಡಬೇಕು. ಒಬ್ಬರಿಗೆಂದು ಹಿಡಿದ ಜಾಗದಲ್ಲಿ ಇನ್ನೊಬ್ಬರು ಬಂದು ಕೂಡದಂತೆ ನೋಡಿಕೊಳ್ಳಬೇಕು. ಇದನ್ನು ಹೇಗೆ ತಿಳಿಸಿ ಹೇಳುವುದೆಂದು ಅವಳು ತಡವರಿಸುತ್ತಿದ್ದಾಗ ಅತ್ತೆಯೇ ಹೇಳಿದಳು.

"ತಿಳೀತ ಬಿಡು. ಟವೆಲ್ ಹಾಕೂದು."

ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದಗಿನ ಸ್ಟ್ಯಾಂಡಿಗೆ ಮುಂಡರಗಿ ಬಸ್ಸು ಬಂದು ನಿಲ್ಲುವ ಮೊದಲೇ ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಒಗೆಯಬೇಕು. ಟವೆಲ್ ಬಿದ್ದ ಸೀಟು ನಿಮ್ಮದು. ಬಾಗಿಲಲ್ಲಿ ಎಷ್ಟೇ ನೂಕಾಟವಿರಲಿ, ನೀವು ಕೊನೆಗೆ ಹತ್ತಿದರೂ ಆ ಸೀಟಿನಲ್ಲಿ ಯಾರೂ ಕುಳಿತಿರುವುದಿಲ್ಲ. ಗಂಗತ್ತೆ ಇದಕ್ಕೆಂದೇ ಕೈಚೀಲದಲ್ಲಿ ಒಂದು ಚೌಕಳಿ ಟವೆಲ್ ಇಟ್ಟುಕೊಂಡಿರುತ್ತಿದ್ದಳು. ಅವಳ ಗುರಿ ತಪ್ಪುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವಳ ಜೊತೆ ನಾನು ಎಷ್ಟು ಸಲ ಕೊರ್ಲಹಳ್ಳಿಗೆ ಹೋಗಿದ್ದೇನೋ, ಅಷ್ಟು ಸಲವೂ ಕಿಟಕಿಯ ಬದಿಯ ಸೀಟು ನನಗೇ. ಒಮ್ಮೆ ಮಾತ್ರ ಟವೆಲ್ ಹೋಗಿ ಒಬ್ಬ ಮಾಸ್ತರರ ತಲೆಯ ಮೇಲೆ ಕುಳಿತಿತ್ತು. ಅವರೇ ಅದನ್ನು ಮಡಿಚಿ ಪಕ್ಕದ ಸೀಟಿನ ಮೇಲಿಟ್ಟು ನಾವು ಬರುವತನಕ ಕಾದರು.

ಆ ಕೊರ್ಲಹಳ್ಳಿಯ ನೆಪದಲ್ಲೇ ಇನ್ನೊಂದು ಹೇಳಬೇಕು. ಒಮ್ಮೆ ನಾದಿನಿಯ ಬಾಣಂತನಕ್ಕೆಂದು ಅತ್ತೆ ನನ್ನನ್ನು ಬಿಟ್ಟು ಒಬ್ಬಳೇ ಎಂಟು ದಿನ ಹೋಗಿದ್ದಳು. ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಎರಡು ಮಗ್ಗ, ಅಪ್ಪ ಒಂದರಲ್ಲಿ, ದೊಡ್ಡಪ್ಪ ಒಂದರಲ್ಲಿ. ಅವರಿಬ್ಬರಿಗೂ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುವವಳು ಅತ್ತೆ. ಅವಳು ಹೋದ ಮೊದಲ ದಿನವೇ ಮನೆಯಲ್ಲಿ ಕಡ್ಡಿಪೆಟ್ಟಿಗೆ ಸಿಗಲಿಲ್ಲ. ಮರುದಿನ ಬೆಲ್ಲ ಸಿಗಲಿಲ್ಲ. ಮೂರನೆಯ ದಿನ ಕಂಡಿಕೆ ಮುಗಿದು ಎರಡೂ ಮಗ್ಗ ನಿಂತವು. ದೊಡ್ಡಪ್ಪ ತಾನೇ ಸುತ್ತಲು ಕುಳಿತು ನೂಲು ಗೋಜಲು ಮಾಡಿಕೊಂಡು, ಆ ಗೋಜಲನ್ನು ನನ್ನ ಅವ್ವನ ಮೇಲೆ ಎಸೆದ. ನಾನು ಬಿಚ್ಚುಗೂದಲಲ್ಲಿ ಶಾಲೆಗೆ ಹೋಗಿ ಕಲಿಸುವ ಬಾಯಾರಿಂದ ಬೈಸಿಕೊಂಡೆ. ಒಲೆ ಇತ್ತು, ಹಿಟ್ಟು ಇತ್ತು, ನೂಲು ಇತ್ತು, ಮನೆ ತುಂಬ ಜನ ಇದ್ದರು. ಯಾವುದಕ್ಕೂ ಯಾವುದೂ ಹೊಂದಿಕೊಳ್ಳಲಿಲ್ಲ. ಎಂಟನೆಯ ದಿನ ಅತ್ತೆ ಬಂದು ಕೈಚೀಲ ಇಳಿಸಿ, ಅಟ್ಟದ ಮೇಲೆ ಕೈಯಾಡಿಸಿ ಬೆಲ್ಲದ ಡಬ್ಬಿ ತೆಗೆದಳು. ಸಂಜೆಗೆ ಮಗ್ಗಗಳ ಸದ್ದು ಮತ್ತೆ ಕೇಳಿಸಿತು. ಬೆಲ್ಲ ಹುಡುಕಿದ್ದನ್ನು ಯಾರೂ ಅವಳಿಗೆ ಹೇಳಲಿಲ್ಲ. ಅವಳು ಇಲ್ಲದೆ ಮನೆ ನಡೆಯಲಿಲ್ಲ ಎಂದು ಒಪ್ಪಿಕೊಳ್ಳಲು ಎಲ್ಲರಿಗೂ ಒಂದು ಸಂಕೋಚ.

ಅಮೃತಾಳ ಪಾಠ ಕೇಳುತ್ತ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ನನಗೆ ಆ ಎಂಟು ದಿನ ನೆನಪಾದವು. ಅದರ ಬೆನ್ನಿಗೇ ನಾನು ನೆನೆಯಬಾರದೆಂದುಕೊಂಡದ್ದೂ ಬಂದು ನಿಂತಿತು.

ಇಪ್ಪತ್ತು ವರ್ಷದ ಹಿಂದೆ ಮಂಜುವಿನ ಲಗ್ನ. ನಾನು ಮುಂಡರಗಿಯಲ್ಲಿ ಅಂಗಡಿ ತೆಗೆದು ಆರು ತಿಂಗಳಾಗಿತ್ತು. ತಮ್ಮನ ಪತ್ರಿಕೆಯೇ ನನ್ನ ಕೈಯ ಮೊದಲ ಲಗ್ನಪತ್ರಿಕೆ. ಏನು ಉಮೇದು ಆಗ! ಮೂಲೆಗೆ ಎರಡು ಬಾಳೆಗಿಡ, ನೆತ್ತಿಗೆ ಗಣಪತಿ, ಕೆಳಗೆ ತಮ್ಮ ಸುಖಾಗಮನ ಬಯಸುವವರ ಹೆಸರುಗಳು. ಮೊದಲು ಮನೆಯ ಹಿರಿಯ ದೊಡ್ಡಪ್ಪನ ಹೆಸರು. ಅದರ ಕೆಳಗೆ, ಯಾರೂ ಹೇಳದೆಯೇ, ಶ್ರೀಮತಿ ಗಂಗವ್ವ ಕೊರ್ಲಹಳ್ಳಿ ಎಂದು ಹೊಡೆದೆ. ಆಮೇಲೆ ಅಪ್ಪ, ಕಾಕಾ, ಉಳಿದವರು. ಪ್ರೂಫ್ ತೆಗೆದುಕೊಂಡು ಬೆಟಗೇರಿಗೆ ಹೋದೆ.

ನಮ್ಮ ಮನೆಯ ಯಾವ ಪತ್ರಿಕೆಯಾದರೂ ಅತ್ತೆ ಓದಿ ನೋಡಿದ ಮೇಲೆಯೇ ಅಚ್ಚಿಗೆ ಹೋಗುವುದು. ಬಳಗದ ಹೆಸರುಗಳು ಅವಳಿಗೆ ಬಾಯಿಪಾಠ. ಅವತ್ತೂ ಬೆರಳು ಇಟ್ಟು ಓದುತ್ತ ಬಂದಳು. ದೊಡ್ಡಪ್ಪನ ಹೆಸರು ದಾಟಿ ತನ್ನ ಹೆಸರಿಗೆ ಬಂದಾಗ ಬೆರಳು ನಿಂತಿತು. ಅವಳ ಹೆಸರು ಅಚ್ಚಿನ ಅಕ್ಷರದಲ್ಲಿ ಅದಕ್ಕೂ ಮೊದಲು ಎಲ್ಲಿಯೂ ಬಂದಿರಲಿಲ್ಲ. ಗಂಗವ್ವ ಎಂಬುದರ ವ ಒತ್ತನ್ನು ಉಗುರಿನಿಂದ ಮುಟ್ಟಿ ನೋಡಿದಳು. ಬೆರಳು ಮುಂದೆ ಹೋಯಿತು.

ಹೊರಡುವ ಹೊತ್ತಿಗೆ ದೊಡ್ಡಪ್ಪ ನನ್ನನ್ನು ಬದಿಗೆ ಕರೆದ. "ಗಂಗಿ ಹೆಸರು ಬ್ಯಾಡವಾ ಶಶಿ. ನನಗೇನೂ ಇಲ್ಲ, ಆದ್ರ ಶುಭದ ಪತ್ರಿಕಿ. ಗಂಡ ಇಲ್ಲದಾಕಿ ಹೆಸರು ಹಾಕ್ಯಾರ ಅಂತ ಬೀಗರು ಅಂದುಗಿಂದಾರು" ಎಂದ. ದೊಡ್ಡಪ್ಪ ಕೆಟ್ಟವನಲ್ಲ. ತಂಗಿ ಉಣ್ಣದೆ ತಾನು ಉಣ್ಣದವನು. ನಾಲ್ಕು ಜನರ ಬಾಯಿಗೆ ಹೆದರುವವನು, ಅಷ್ಟೇ. ಅವನೀಗ ಇಲ್ಲ. ಅವನ ಮೇಲೆ ಹಾಕಿ ನಾನು ಪಾರಾಗುವುದು ಬೇಡ. ಅವನು ಒಂದೇ ಮಾತು ಹೇಳಿದ, ನಾನು "ಆತು ದೊಡ್ಡಪ್ಪಾ" ಎಂದೆ. ಯಾಕೆ ಎಂದು ಕೂಡ ಕೇಳಲಿಲ್ಲ. ಅಂಗಡಿಗೆ ಬಂದು ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಅಳಿಸಿದೆ. ಎರಡನೆಯ ಪ್ರೂಫನ್ನೂ ಅತ್ತೆಯೇ ಓದಿದಳು. ದೊಡ್ಡಪ್ಪನ ಹೆಸರಿನ ಕೆಳಗೆ ಬಂದ ಬೆರಳು ನಿಲ್ಲಲಿಲ್ಲ. "ಎಲ್ಲಾ ಬರೋಬ್ಬರಿ ಐತಿ" ಎಂದು ಹಾಳೆ ಮಡಿಚಿ ಕೊಟ್ಟಳು.

ಅಕ್ಷರ ಅಳಿಸಿದೆನೇ ಹೊರತು ಸಾಲನ್ನು ಅಳಿಸಿರಲಿಲ್ಲ. ಹೊಸಬಳು, ನನಗದು ಗೊತ್ತಾಗಲಿಲ್ಲ. ಹೆಸರು ಹೋಯಿತು, ಅದು ಕುಳಿತಿದ್ದ ಒಂದು ಸಾಲಿನ ಜಾಗ ಹಾಗೇ ಖಾಲಿ ಉಳಿಯಿತು. ಪತ್ರಿಕೆ ಹಾಗೆಯೇ ಅಚ್ಚಾಯಿತು.

ನಮ್ಮ ಧಂದೆಯಲ್ಲಿ ಹೊಸ ಪತ್ರಿಕೆಯನ್ನು ಯಾರೂ ಹೊಸದಾಗಿ ಮಾಡುವುದಿಲ್ಲ. ಹಳೆಯ ಒಂದು ಪತ್ರಿಕೆ ತೆರೆದು, ಅದರ ಮೇಲೆಯೇ ಹೊಸ ಹೆಸರು ಹೊಡೆದು, ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತೇವೆ. ಗಡಿಬಿಡಿಯಲ್ಲಿ ಹಳೇ ಮದುಮಗಳು ಹೊಸ ಪತ್ರಿಕೆಯಲ್ಲಿ ಉಳಿದು ರಂಪವಾದದ್ದೂ ಉಂಟು. ನನ್ನ ಅಂಗಡಿಯ ಎಲ್ಲ ಪತ್ರಿಕೆಗಳಿಗೂ ಮೂಲ ಮಂಜುವಿನ ಪತ್ರಿಕೆ. ಹಾಗಾಗಿ ಆ ಖಾಲಿ ಸಾಲು ಎಲ್ಲ ಮನೆಗಳ ಪತ್ರಿಕೆಗೂ ಹೋಯಿತು. ಹಿರಿಯರ ಹೆಸರು, ಒಂದು ಸಾಲು ಖಾಲಿ, ಆಮೇಲೆ ಉಳಿದವರು. ಅದು ಯಾಕೆ ಹಾಗಿದೆ ಎಂದು ನನಗೆ ತಿಳಿದ ಮೇಲೂ ತೆಗೆಯಲಿಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳು ಇಡುತ್ತಿದ್ದೆ, ಒತ್ತಲಾಗುತ್ತಿರಲಿಲ್ಲ. ಒಮ್ಮೆ ಅವಳ ಹೆಸರು ಅಳಿಸಿದ್ದೇನೆ, ಜಾಗವನ್ನೂ ಅಳಿಸುವುದು ನನ್ನ ಕೈಯಲ್ಲಿ ಆಗದ ಮಾತಾಗಿತ್ತು. ಆ ಫೈಲು ತೆರೆಯುವುದು ಈ ಎಕ್ಸ್‌ಪಿಯಲ್ಲಿ ಮಾತ್ರ. ನಾನು ಈ ಯಂತ್ರಕ್ಕೆ ಜೋತುಬಿದ್ದ ನಿಜವಾದ ಕಾರಣ ಈಗ ನಿಮಗೆ ತಿಳಿಯಿತು.

ಪಕ್ಕದ ಅಂಗಡಿಯ ದರ್ಜಿ ಬಾಬಾಜಾನರು ತಮ್ಮ ಮಗಳ ನಿಕಾಹದ ಪತ್ರಿಕೆ ಮಾಡಿಸಿದಾಗ ಅದನ್ನು ಕಂಡುಹಿಡಿದರು. ಬಟ್ಟೆ ಅಳೆಯುವ ಕಣ್ಣು. "ಅಕ್ಕಾರ, ಇಲ್ಲಿ ಯಾರರೆ ಬರೋರು ಅದಾರೇನ್ರಿ?" ಎಂದು ಬೆರಳಿಟ್ಟು ತೋರಿಸಿದರು. "ಅದು ಹಿರಿಯರ ಹೆಸರಿನ ಬುಡಕ ಮರ್ಯಾದಿಗಂತ ಬಿಡೋ ಜಾಗಾರಿ" ಎಂದು ಬಾಯಿಗೆ ಬಂದದ್ದು ಹೇಳಿದೆ. "ಹಂಗಾರ ಇರ್ಲಿ ಬಿಡ್ರಿ, ಚಲೋ ಪದ್ಧತಿ" ಎಂದರು. ಅವರು ಇದನ್ನು ಎಷ್ಟು ಜನರಿಗೆ ಹೇಳಿದರೋ! ಮುಂದೆ ಊರಿನ ಇನ್ನೊಂದು ಡಿಟಿಪಿ ಅಂಗಡಿಯ ಪತ್ರಿಕೆಯಲ್ಲೂ ಆ ಖಾಲಿ ಸಾಲು ಕಾಣಿಸಿಕೊಂಡಿತು. ನನ್ನ ಅಂಜುಬುರುಕತನ ಮುಂಡರಗಿಯಲ್ಲಿ ಒಂದು ಪದ್ಧತಿಯಾಗಿ ನಿಂತಿತು.

ಈಗ ಕೊನೆಯ ಪತ್ರಿಕೆ. ಮಂಜುವಿನ ಪತ್ರಿಕೆಯ ಫೈಲು ತೆರೆದು, ಅಮೃತಾಳ ಹೆಸರು, ಅಳಿಯನ ಹೆಸರು, ಶಿಗ್ಲಿಯ ವಿಳಾಸ, ಮುಹೂರ್ತ ಎಲ್ಲ ಹೊಡೆದೆ. ನನ್ನ ಗಂಡನ ಕಡೆಯ ಹಿರಿಯರ ಹೆಸರು ಮೊದಲಿಗೆ ಬಂತು. ಅದರ ಕೆಳಗಿನ ಖಾಲಿ ಸಾಲಿನಲ್ಲಿ ಕರ್ಸರು ಮಿಣಮಿಣ ಎನ್ನುತ್ತಿತ್ತು. ಶ್ರೀಮತಿ ಗಂಗವ್ವ ಕೊರ್ಲಹಳ್ಳಿ ಎಂದು ಹೊಡೆದೆ. ಕೆಳಗಿನ ಒಂದು ಹೆಸರೂ ಅಲುಗಲಿಲ್ಲ. ತವರಿನ ಅತ್ತೆಯ ಹೆಸರು ಇಷ್ಟು ಮೇಲೆ ಯಾಕೆ ಎಂದು ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರೂ ಕೇಳಲಿಲ್ಲ. ಪರದೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಚಹಾ ತರಲು ಹೋದರು.

ಇನ್ನು ಒಪ್ಪಬೇಕಾದವಳು ಅತ್ತೆ. ಬೇಡ ಎಂದರೆ ಏನು ಮಾಡುವುದು? ನಾನು ಇಷ್ಟು ವರ್ಷ ತಡ ಮಾಡಿದ್ದೇನೆ. ಬೇಡ ಎನ್ನುವ ಹಕ್ಕು ಅವಳಿಗಿದೆ. ಎಂಬತ್ತು ದಾಟಿದವಳಿಗೆ ಇನ್ನೊಂದು ಲಗ್ನದತನಕ ಕಾದಿರು ಎನ್ನಲಾದೀತೇ? ಪ್ರೂಫ್ ಹಿಡಿದುಕೊಂಡು ನಾನೂ ಅಮೃತಾಳೂ ಬೆಟಗೇರಿಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನು ಮತ್ತೆ ಮತ್ತೆ ತೆಗೆದು ಓದಿದೆ. ಪರೀಕ್ಷೆಗೆ ಹೊರಟವಳ ಹಾಗೆ ಓದುತ್ತೀ ಎಂದು ಅಮೃತಾ ನಕ್ಕಳು.

ಅತ್ತೆ ಕನ್ನಡಕ ಏರಿಸಿ, ಹಾಳೆಯನ್ನು ತೊಡೆಯ ಮೇಲೆ ಹಾಸಿ, ಬೆರಳು ಇಟ್ಟು ಹೊರಟಳು. ಗಣಪತಿ ದಾಟಿತು, ಮುಹೂರ್ತ ದಾಟಿತು. ಸುಖಾಗಮನಕ್ಕೆ ಬಂತು. ಬೆರಳು ನಿಂತಿತು.

"ಶಶಿ, ಇಲ್ಲೊಂದು ತಪ್ಪಾಗೇತಿ ನೋಡವಾ."

"ಏನ ತಪ್ಪು ಅತ್ತಿ?"

"ನನ್ನ ಹೆಸರು ಬಂದೈತಿ. ತಗದ್ಹಾಕು."

"ತಪ್ಪಾಗಿದ್ದು ಈಗಲ್ಲ ಅತ್ತಿ. ಆವಾಗ, ಮಂಜನ ಲಗ್ನದಾಗ."

"ಅದನ್ಯಾಕ ಈಗ ತಗಿತಿ? ಕೂಸಿನ ಲಗ್ನ, ನಾಕ ಮಂದಿ ನಾಕ ಮಾತಾಡ್ತಾರ. ಹೆಸರಿಲ್ಲಂತ ನನಗೇನ ಕಡಿಮಿ ಆಗೇತಿ ಇಷ್ಟ ದಿನಾ?"

"ನನಗ ಕಡಿಮಿ ಆಗೇತಿ" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ನಿನ್ನ ಹೆಸರು ಅಳಿಸಿದ ಕೈ ಇದ ಅತ್ತಿ. ದೊಡ್ಡಪ್ಪ ಅಂದಾಗ ನಾ ಎದುರ ಒಂದ ಮಾತ ಆಡಲಿಲ್ಲ. ಆದ್ರ ಆ ಸಾಲು ಮಾತ್ರ ಇವತ್ತಿನತನಕ ಯಾರಿಗೂ ಕೊಟ್ಟಿಲ್ಲ. ಖಾಲೀನ ಬಿಟ್ಟೀನಿ."

"ಗೊತ್ತೈತಿ ನನಗ" ಎಂದಳು ಅತ್ತೆ.

ಮೊಣಕಾಲಿಗೆ ಕೈ ಊರಿ ಎದ್ದು ಹೋಗಿ ಬಾಗಿಲ ಹಿಂದಿನ ಗೂಟದಿಂದ ಒಂದು ತಂತಿ ತಂದಳು. ನಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಮೊದಲಿನಿಂದಲೂ ಅದಕ್ಕೆ ಚುಚ್ಚಿಡುವುದು ರೂಢಿ. ಧೂಳು ಕೊಡವಿ, ಒಂದೊಂದೇ ಪತ್ರಿಕೆ ಸರಿಸಿ, ಹಿರಿಯರ ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದಳು.

"ಯಾರ ಮನಿ ಪತ್ರಿಕಿ ಬಂದ್ರೂ ನಾ ಮದಲ ನೋಡೂದ ಇದನ್ನ. ಇಲ್ಲಿ ಜಾಗಾ ಬಿಟ್ಟಿದ್ರ ಇದು ನಮ್ಮ ಶಶಿ ಮಾಡಿದ್ದು ಅಂತ ತಿಳೀತಿತ್ತು. ಈಗೀಗ ಬ್ಯಾರೇದವ್ರೂ ಬಿಡಾಕತ್ಯಾರ, ಅದೊಂದ ತ್ರಾಸ ಆಗೇತಿ. ನನ್ನ ಜಾಗಾಕ್ಕ ಟವೆಲ್ ಹಾಕಿ ಇಟ್ಟಾಳ ಹುಡುಗಿ, ಇನ್ನೂ ತಗದಿಲ್ಲ ಅನ್ಕೋತಿದ್ದೆ."

ನನಗೆ ತಡೆಯಲಾಗಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ. ನಾನು ಇಪ್ಪತ್ತು ವರ್ಷ ಮುಚ್ಚಿಟ್ಟುಕೊಂಡೆ ಎಂದುಕೊಂಡದ್ದನ್ನು ಅವಳು ಅಷ್ಟೇ ವರ್ಷ ತಂತಿಗೆ ಪೋಣಿಸಿಕೊಂಡು ಬಂದಿದ್ದಳು. ಪ್ರೂಫಿನ ಹಾಳೆ ನನ್ನ ಕೆನ್ನೆಯ ಕೆಳಗೆ ಮುದುಡಿತು. "ಏಳ, ಕಾಗದಾ ತೋಯಸ್ತಿ" ಎಂದು ಅತ್ತೆ ನನ್ನ ತಲೆ ತಟ್ಟಿದಳು.

ಅಮೃತಾ ಅವಳ ಇನ್ನೊಂದು ಪಕ್ಕ ಬಂದು ಕುಳಿತಳು. "ಟವೆಲ್ ಹಾಕಿದ ಸೀಟಿಗೆ ಬರಲಿಲ್ಲಂದ್ರ ಹೆಂಗ ಅಜ್ಜಿ? ಬಸ್ ಬಿಡೂ ಹೊತ್ತಾತು."

ಅತ್ತೆ ನಕ್ಕಳು. ಹಾಳೆಯ ಮುದುಡನ್ನು ಅಂಗೈಯಿಂದ ತೀಡಿ ನೇರ ಮಾಡಿ, ಕಣ್ಣಿನ ಹತ್ತಿರ ಹಿಡಿದು, ತನ್ನ ಹೆಸರನ್ನು ಮೊದಲಿನಿಂದ ಕೊನೆಯತನಕ ಗಟ್ಟಿಯಾಗಿ ಓದಿದಳು. ನನಗೆ ಹಾಳೆ ತಿರುಗಿ ಕೊಡುತ್ತ ಹೇಳಿದಳು.

"ಆತು ತಗೋ, ಕುಂದ್ರತೀನಿ. ಆದ್ರ ಅಕ್ಷರ ಭಾಳ ಸಣ್ಣು ಆಗ್ಯಾವ ನೋಡವಾ. ಒಂಚೂರು ದಪ್ಪ ಮಾಡು."

ಮರುದಿನ ಅಂಗಡಿಗೆ ಬಂದು ಹಳೇ ಯಂತ್ರದ ಗುಂಡಿ ಒತ್ತಿದೆ. ಅವತ್ತು ಚಹಾಕ್ಕೆ ಹೋಗಲಿಲ್ಲ, ಅದು ಎಚ್ಚರಾಗುವತನಕ ಎದುರಿಗೇ ಕುಳಿತಿದ್ದೆ. ಗುಡ್ಡ ಕಾಣಿಸಿತು, ಫೈಲು ತೆರೆಯಿತು. ಅತ್ತೆಯ ಹೆಸರಿನ ಅಕ್ಷರದ ಅಳತೆ ಹದಿನಾಲ್ಕಿದ್ದದ್ದನ್ನು ಹದಿನೆಂಟು ಮಾಡಿದೆ. ಕೆಳಗಿನ ಹೆಸರುಗಳೆಲ್ಲ ತುಸು ಸರಿದು ಕುಳಿತವು.